ಪುಟಾಣಿಯ ಮೈ, ಹೀರಾಳ ಖರಾರಾ

ನಮ್ಮ ಮನೆಯ ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಇದೆ. ಆ ಮೊಳೆಗೆ ಕಬ್ಬಿಣದ ಒಂದು ವಸ್ತು ತೂಗುತ್ತದೆ. ಅಂಗೈಯಗಲದ ತಗಡು, ಅದರ ಮೇಲೆ ಸವೆದ ಹಲ್ಲುಗಳ ಐದಾರು ಸಾಲು, ಹಿಂದೆ ಬೆವರು ಕುಡಿದು ಕಪ್ಪಾದ ಮರದ ಹಿಡಿ. ಮೊನ್ನೆ ಹಿರೇಕೆರೂರಿನಿಂದ ಬಂದಿದ್ದ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಅದನ್ನು ಕೊಬ್ಬರಿ ತುರಿಯುವ ಸಾಧನ ಎಂದು ತಿಳಿದು, ಸೆರಗಿನಿಂದ ಒರೆಸಿ, ಅರ್ಧ ಬಟ್ಟಲು ಕೊಬ್ಬರಿಯನ್ನೂ ಕೈಗೆ ತೆಗೆದುಕೊಂಡಿದ್ದಳು. ಅಷ್ಟರಲ್ಲಿ ಅವ್ವ ನೋಡಿದಳು.

"ಅದನ್ನ ಇಡು ಅಲ್ಲೇ. ಅದು ನಾಯಿದು."

ಚಿಗವ್ವ ಕೊಬ್ಬರಿಯನ್ನೂ ಸೆರಗನ್ನೂ ದೂರ ಹಿಡಿದು ನಿಂತಳು. "ನಾಯಿದು? ದೇವರ ಬಾಜೂಕ ತೂಗ ಹಾಕೀರಿ?"

"ಮೊದಲ ಕುದರಿದಿತ್ತು. ಈಗ ನಾಯಿದು," ಎಂದು ಅವ್ವ ಅದನ್ನು ಇಸಿದುಕೊಂಡು ಮತ್ತೆ ಮೊಳೆಗೆ ಹಾಕಿದಳು. ಇಷ್ಟು ಹೇಳಿದರೆ ಎಲ್ಲವೂ ತಿಳಿಯಿತು ಎಂಬಂತೆ ಅವಳು ಅಡುಗೆಮನೆಗೆ ಹೋದಳು. ಪಾಪ, ಚಿಗವ್ವನಿಗೆ ಏನೂ ತಿಳಿಯಲಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಸ್ವಲ್ಪ ಸುತ್ತು ಬಳಸಿ. ನಾನು ಸವಣೂರಿನ ಪ್ರಾಥಮಿಕ ಶಾಲೆಯ ಅಕ್ಕೋರು. ನೆಟ್ಟಗೆ ಹೇಳುವುದೇನಿದ್ದರೂ ಮಗ್ಗಿ ಮಾತ್ರ.

ಅದರ ಹೆಸರು ಖರಾರಾ. ಕುದುರೆಯ ಮೈ ತಿಕ್ಕುವ ಬಾಚಣಿಗೆ. ಅದು ನಮ್ಮ ಮನೆಗೆ ಬರಲು ಕಾರಣ ಪುಟಾಣಿ.

ಹುರಿಗಡಲೆಗೆ ನಮ್ಮ ಕಡೆ ಪುಟಾಣಿ ಎನ್ನುತ್ತೇವೆ. ನಮ್ಮ ಓಣಿಯ ಖಾರಾ ಅಂಗಡಿಯ ಹಿಂದೆ, ಕಡಾಯಿ ತೊಳೆಯುವ ಜಾಗದಲ್ಲಿ ಸಿಕ್ಕ ಮರಿ ಅದು. ಬಣ್ಣವೂ ಹುರಿಗಡಲೆಯದೇ, ಎದೆಯ ಮೇಲೆ ಮಾತ್ರ ಅಂಗೈಯಷ್ಟು ಬಿಳುಪು. ಮನೆಗೆ ತಂದ ದಿನ ಅದರ ಮೈಯಿಂದ ಕರಿದೆಣ್ಣೆಯ ಘಮ ಎಷ್ಟು ಬರುತ್ತಿತ್ತೆಂದರೆ, ಅವ್ವ ಒಳಗಿನಿಂದಲೇ, "ನಾಯಿ ತಂದಿಯೋ, ಖಾರಾ ಕಟ್ಟಿಸ್ಕೊಂಡ ಬಂದಿಯೋ?" ಎಂದು ಕೇಳಿದ್ದಳು. ಆಗ ನನಗೆ ನಗು ಬಂದಿತ್ತು. ನಮ್ಮ ಮನೆಯಲ್ಲಿ ಅಂಥ ಒಳ್ಳೆಯ ವಾಸನೆ ಮುಂದೆಂದೂ ಬರುವುದಿಲ್ಲ ಎಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ಪುಟಾಣಿ ನಡೆದದ್ದನ್ನು ನಾನು ನೋಡಿಯೇ ಇಲ್ಲ. ಮಲಗಿರುತ್ತದೆ, ಇಲ್ಲವೇ ಓಡುತ್ತಿರುತ್ತದೆ. ಬೆಳಗ್ಗೆ ಬಾಗಿಲು ತೆಗೆದರೆ ಸಾಕು, ಊರಾಚೆಯ ಎಲೆತೋಟಕ್ಕೆ ಹಾರುತ್ತದೆ. ವೀಳ್ಯದೆಲೆಯ ತೋಟವೆಂದರೆ ನಮ್ಮಲ್ಲಿ ದೇವರ ಜಾಗ ಇದ್ದಂತೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಡಬೇಕು. ಪುಟಾಣಿ ಆ ನಿಯಮವನ್ನು ಮೀರಿದ್ದಿಲ್ಲ, ಬರಿಗಾಲಲ್ಲೇ ಹೋಗುತ್ತದೆ. ಬಳ್ಳಿಗಳ ನಡುವಿನ ನೀರುಗಾಲುವೆಯಲ್ಲಿ ಮೂಗಿನಿಂದ ಬಾಲದವರೆಗೆ ಹೊರಳಿ, ಬದುವಿನ ಉತ್ತರಾಣಿ ಗಿಡಗಳ ನಡುವೆ ನುಗ್ಗಿ, ಬೀಜವನ್ನೆಲ್ಲ ಮೈಗೆ ಅಂಟಿಸಿಕೊಂಡು, ಅರ್ಧ ತಾಸಿನಲ್ಲಿ ಮನೆ ಸೇರುತ್ತದೆ. ಸೇರಿದ ಮೇಲೆ ಮೈ ಕೊಡವುತ್ತದೆ. ಎಲ್ಲಿ ಕೊಡವಬೇಕು ಎಂಬುದಕ್ಕೆ ಅದಕ್ಕೊಂದು ಲೆಕ್ಕಾಚಾರವಿದೆ. ಆಗಷ್ಟೇ ಸುಣ್ಣ ಬಳಿದ ಗೋಡೆ, ಹಿಂಡಿ ಹಾಕಿದ ಸೀರೆ, ಸ್ನಾನ ಮಾಡಿ ಮಡಿಯಲ್ಲಿರುವ ಅವ್ವ.

ಹೌದು, ಮಡಿಯಲ್ಲಿ ಇರುವವರನ್ನು ಕಂಡರೇ ಅದಕ್ಕೆ ಹೆಚ್ಚು ಪ್ರೀತಿ. ಅವ್ವ ಎಪ್ಪತ್ತೈದು ದಾಟಿದವಳು. ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವವರೆಗೆ ನನ್ನನ್ನೇ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪುಟಾಣಿ ಅಷ್ಟೂ ಹೊತ್ತು ಹೊಸ್ತಿಲಾಚೆ ಕುಳಿತು, ಕೆಸರಿನ ಮುಖದಲ್ಲಿ ಅವಳನ್ನೇ ನೋಡುತ್ತಿರುತ್ತದೆ.

ಅದನ್ನು ಸ್ವಚ್ಛವಾಗಿಡಲು ನಾನು ಮಾಡಿದ ಪ್ರಯತ್ನಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಮೊದಲು ಹುಬ್ಬಳ್ಳಿಯಿಂದ ನಾಯಿಯ ಶಾಂಪೂ ತರಿಸಿದೆ. ಬಾಟಲಿಯ ಮೇಲಿನ ನಾಯಿ ನೊರೆಯೊಳಗೆ ನಗುತ್ತಾ ನಿಂತಿತ್ತು. ನಮ್ಮದು ನೊರೆ ಹಚ್ಚಿದ್ದೇ ತಡ, ನನ್ನ ಕಾಲ ಸಂದಿಯಿಂದ ನುಸುಳಿ, ಬಚ್ಚಲ ಒಲೆಯ ಬೂದಿಯಲ್ಲಿ ನಾಲ್ಕು ಸಲ ಹೊರಳಿ ಎದ್ದಿತು. ನಾನು ಮಾತ್ರ ಶಾಂಪೂವಿನ ಪರಿಮಳ ಹೊತ್ತು ಶಾಲೆಗೆ ಹೋದೆ.

ಆಮೇಲೆ ಅದರ ಮೈಗೆ ರಕ್ತ ಹೀರುವ ಉಣ್ಣೆ ಹತ್ತಿದವು. ಅವ್ವ, "ಅರಿಷಿಣ ಹಚ್ಚು, ಹೋಗ್ತಾವು," ಎಂದಳು. ಎಷ್ಟು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಬ್ಬಿಯ ಅರಿಷಿಣವನ್ನೆಲ್ಲ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಉಣ್ಣೆ ಹೋದವೋ ಇಲ್ಲವೋ, ಎದೆಯ ಬಿಳುಪು ಹದಿನೈದು ದಿನ ಹಳದಿಯಾಗಿಯೇ ಉಳಿಯಿತು. ಓಣಿಯವರು ಒಬ್ಬೊಬ್ಬರಾಗಿ, "ಅಕ್ಕೋರ, ನಿಮ್ಮನ್ಯಾಗ ಯಾರ ಲಗ್ನರಿ?" ಎಂದು ಕೇಳಿದರು. ಐವತ್ತು ದಾಟಿಯೂ ಮದುವೆಯಾಗದ ನನ್ನನ್ನು ಆ ಪ್ರಶ್ನೆ ಕೇಳುವುದರಲ್ಲಿ ಅವರಿಗೆ ಎಷ್ಟು ಸುಖವಿತ್ತು ಎಂದು ಬೇರೆ ಹೇಳಬೇಕಿಲ್ಲ.

ಶಾಲೆಯ ಕಥೆ ಇನ್ನೊಂದು. ಸೋಮವಾರ ನಾನು ಉಗುರು ತಪಾಸಣೆ ಮಾಡುತ್ತೇನೆ. ಒಂದು ಸೋಮವಾರ, ಉಗುರಿನ ಮಣ್ಣಿನಿಂದ ಬರುವ ರೋಗಗಳ ಬಗ್ಗೆ ಗಂಭೀರವಾಗಿ ಹೇಳುತ್ತಿದ್ದಾಗ, ಮೈತುಂಬ ತೋಟದ ಕೆಸರು ಹೊತ್ತ ಪುಟಾಣಿ ಬಂದು ಮೊದಲ ಸಾಲಿನಲ್ಲಿ ಕುಳಿತು ತಾನೂ ಮುಂಗಾಲು ಚಾಚಿತು. ಮಕ್ಕಳು ಅದರ ಉಗುರು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಂದಿನ ಪಾಠ ಅಲ್ಲಿಗೇ ಮುಗಿಯಿತು.

ಇಷ್ಟೆಲ್ಲ ನಗುವ ಮಾತಾಯಿತು. ನಗಲಾರದ ದಿನವೂ ಬಂತು. ಮಳೆ ಬಿದ್ದ ಒಂದು ಬೆಳಗ್ಗೆ ಅವ್ವ ಮಿಂದು, ಪೂಜೆಯ ತಂಬಿಗೆ ಹಿಡಿದು ಅಂಗಳ ದಾಟುತ್ತಿದ್ದಳು. ಪುಟಾಣಿ ತೋಟದಿಂದ ಬಂದದ್ದು, ಅವಳನ್ನು ಕಂಡದ್ದು, ಎರಡೂ ಮುಂಗಾಲು ಎತ್ತಿ ಅವಳ ಎದೆಗೆ ಹಾರಿದ್ದು ಒಂದೇ ಕ್ಷಣದಲ್ಲಿ. ಅವ್ವ ಕಲ್ಲಿನ ಮೇಲೆ ಕುಸಿದು ಕುಳಿತಳು. ತಂಬಿಗೆ ಬಚ್ಚಲವರೆಗೆ ಉರುಳಿತು. ಎಡಗೈಯ ಮಣಿಕಟ್ಟು ಮಧ್ಯಾಹ್ನದೊಳಗೆ ಬಾತಿತು. ಎಲುಬು ಮುರಿದಿಲ್ಲ ಎಂದು ಡಾಕ್ಟರು ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು.

ಅವ್ವ ಬೈಯಲಿಲ್ಲ. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಎರಡು ದಿನ ಮಲಗಿದ್ದವಳು ಮೂರನೆಯ ದಿನ ಹೇಳಿದಳು:

"ನನಗ ಅದರ ಮ್ಯಾಲ ಸಿಟ್ಟಿಲ್ಲವಾ. ಅಂಜಿಕಿ ಆಗೇತಿ. ಅಂಗಳಕ್ಕ ಕಾಲಿಡಾಕ ಅಂಜಿಕಿ ಬರತೈತಿ."

ಹತ್ತಿಮತ್ತೂರಿನಲ್ಲಿ ನಮ್ಮ ದೂರದ ಸಂಬಂಧಿಕ ನಿಂಗಪ್ಪ ಇದ್ದಾನೆ. ಅವನ ಗೋವಿನಜೋಳದ ಹೊಲಕ್ಕೆ ಹಂದಿಗಳ ಕಾಟ, ಓಡುವ ನಾಯಿಯೊಂದು ಬೇಕು ಎಂದು ಬಹಳ ದಿನಗಳಿಂದ ಕೇಳುತ್ತಿದ್ದ. ನಾನೇ ಫೋನ್ ಮಾಡಿದೆ. ಮುಂದಿನ ರವಿವಾರ ಬಂದು ಒಯ್ಯುತ್ತೇನೆ ಎಂದ. ಫೋನ್ ಇಟ್ಟು ಬಂದಾಗ ಅವ್ವ ಕೇಳಿದಳು, "ಈ ಹೊಲಸ ಮೈಯಾಗ ಕಳಸ್ತೀ ಏನು? ಮನಿ ಬಿಟ್ಟು ಹೋಗೂ ಜೀವಾನ್ನ ಹಂಗ ಕಳಸಬಾರ್ದು. ನಿಮ್ಮಪ್ಪ ಎತ್ತು ಮಾರಿದಾಗ ಮೈ ತೊಳದು, ಕೋಡಿಗೆ ಎಣ್ಣಿ ಹಚ್ಚಿ, ಬೆಲ್ಲ ತಿನ್ನಿಸಿ ಕಳಸಿದ್ರು."

ಅದು ನಮ್ಮ ಮನೆಯ ಪದ್ಧತಿ, ನನಗೂ ಗೊತ್ತಿತ್ತು. ಆದರೆ ಪುಟಾಣಿಯ ಮೈ ನನ್ನ ಕೈಗೆ ಎಂದೂ ಬಗ್ಗಿರಲಿಲ್ಲ. ಉಳಿದದ್ದು ಏಳು ದಿನ. ಆಗ ನೆನಪಾದವರು ದಸ್ತಗೀರ್ ಚಾಚಾ.

ನಾನು ಚಿಕ್ಕವಳಿದ್ದಾಗ ಹುಬ್ಬಳ್ಳಿಯ ಅಜ್ಜಿಯ ಮನೆಯಿಂದ ಪ್ಯಾಸೆಂಜರ್ ರೈಲಿನಲ್ಲಿ ಯಲವಿಗಿಗೆ ಬಂದಿಳಿಯುತ್ತಿದ್ದೆವು. ಅಲ್ಲಿಂದ ಸವಣೂರಿಗೆ ಚಾಚಾನ ಟಾಂಗಾ. ಹೀರಾ ಎಂಬ ಕೆಂಚು ಬಣ್ಣದ ಹೆಣ್ಣುಕುದುರೆ. ಜನರೆಲ್ಲ ಹತ್ತಿ ಕುಳಿತರೂ ಚಾಚಾ ಗಾಡಿ ಹೊಡೆಯುತ್ತಿರಲಿಲ್ಲ. ಸ್ಟೇಷನ್ನಿನ ಬೇವಿನ ಮರದ ಕೆಳಗೆ ಹೀರಾಳ ಮೈ ತಿಕ್ಕುವುದು ಮುಗಿಯಬೇಕು. ಯಾರಾದರೂ ಅವಸರ ಮಾಡಿದರೆ, "ನೀವು ಪೌಡರ್ ಹಚ್ಕೊಂಡ ಬಂದೀರಿ, ಆಕಿ ಹಚ್ಕೊಬಾರ್ದೇನ್ರಿ?" ಎನ್ನುತ್ತಿದ್ದರು. ನಾಲ್ಕು ಸಲ ತಿಕ್ಕಿ, ಖರಾರಾವನ್ನು ಗಾಲಿಯ ಪಟ್ಟಿಗೆ ಟಕ್ ಟಕ್ ಎಂದು ಬಡಿದು ಧೂಳು ಉದುರಿಸುತ್ತಿದ್ದರು. ಕೊನೆಯ ಸಲದ ಟಕ್ ಟಕ್ ಕೇಳಿದರೆ ಹೊರಡುವ ಹೊತ್ತಾಯಿತು ಎಂದರ್ಥ. ನನಗೆ ಆ ಕುದುರೆಯ ಮೇಲೆ ಹೊಟ್ಟೆಕಿಚ್ಚಿತ್ತು. ಯಾಕೆಂದರೆ ಅವ್ವ ರವಿವಾರ ನನ್ನ ತಲೆ ಬಾಚುವುದಿತ್ತಲ್ಲ, ಎಣ್ಣೆ ಸುರಿದು, ಎರಡು ಮೊಣಕಾಲುಗಳ ನಡುವೆ ನನ್ನನ್ನು ಒತ್ತಿ ಹಿಡಿದು, ಹೇನಿನ ಹಣಿಗೆಯಿಂದ ಕಣ್ಣಲ್ಲಿ ನೀರು ಬರುವವರೆಗೆ ಎಳೆಯುವುದು. ಹೀರಾ ಮಾತ್ರ ಕಣ್ಣು ಅರ್ಧ ಮುಚ್ಚಿ, ತುಟಿ ಇಳಿಬಿಟ್ಟು ಸುಖವಾಗಿ ನಿಂತಿರುತ್ತಿತ್ತು.

ಚಾಚಾ ಈಗ ಎಂಬತ್ತರ ಆಸುಪಾಸು. ಹಳೆ ಮಸೀದಿಯ ಹಿಂದಿನ ಓಣಿಯಲ್ಲಿ ಮನೆ. ನಾನು ಪುಟಾಣಿಯನ್ನು ಎಳೆದುಕೊಂಡು, ನಿಜ ಹೇಳಬೇಕೆಂದರೆ ಅದರಿಂದ ಎಳೆಸಿಕೊಂಡು, ಅವರ ಅಂಗಳಕ್ಕೆ ಹೋದೆ. ಅವರು ಕುರ್ಚಿಯಲ್ಲಿ ಕುಳಿತೇ ಎಲ್ಲ ಕೇಳಿದರು.

"ನೀ ಅದಕ್ಕ ಮೊದಲ ನೀರು ಹಾಕ್ತಿ, ಹೌದಿಲ್ಲ ಬೇಟಾ?"

"ಹೌದ್ರಿ ಚಾಚಾ. ಸ್ನಾನ ಅಂದ್ರ ನೀರಲ್ಲೇನ್ರಿ?"

"ಅಲ್ಲ. ಮೊದಲ ಅದನ್ನ ದಣಸು. ಆಮ್ಯಾಲ ಒಣಾ ಮೈ ಬಾಚು. ಕಡೀಕ ನೀರು. ಹಸೀ ಕೂದಲದಾಗ ಗಂಟು ಬಿಗೀತಾವ, ಬಾಚಿದ್ರ ನೋವಾಗ್ತೈತಿ. ನೋವಾದ್ಮ್ಯಾಲ ಯಾವ ಜೀವ ನಿಂದರ್ತೈತಿ? ಮತ್ತ ಸೆಂಟಿನ ಸಾಬೂನು ಹಚ್ಚಬ್ಯಾಡ. ಅದರ ವಾಸನಿ ನೀ ತಗದಿ ಅಂದ್ರ ಅದು ಹುಡುಕ್ಯಾಡಾಕ ಹೋಗ್ತೈತಿ."

ಬೂದಿಯಲ್ಲಿ ಹೊರಳಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಚಾಚಾ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಖರಾರಾ ತಂದರು. ಹಲ್ಲು ಸವೆದು ಮೊಂಡಾಗಿದ್ದವು, ನಾಯಿಯ ಚರ್ಮಕ್ಕೆ ಇನ್ನೂ ಒಳ್ಳೆಯದೇ ಆಯಿತು ಎಂದರು. ಹೇಗೆ ತಿಕ್ಕಬೇಕೆಂದು ತೋರಿಸಲು ಒಂದು ಸಲ ತಾವೇ ಬಗ್ಗಿದರು. "ಒಣ ಕೂದಲ ನಡೀತೈತಿ, ಜೊಲ್ಲು ಹತ್ತಿದ್ರ ನಮಾಜಿಗೆ ಆಗೂದಿಲ್ಲ. ಮಾರಿ ಆ ಕಡೆ ಹಿಡಿ," ಎಂದರು. ಮನೆಯಲ್ಲಿ ಅವ್ವನ ಮಡಿ, ಇಲ್ಲಿ ಚಾಚಾನ ನಮಾಜು, ನಡುವೆ ನೆಕ್ಕಲು ಹಪಹಪಿಸುವ ನಮ್ಮ ಪುಟಾಣಿ. ನಾನು ಅದರ ಮುಖವನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದೆ. ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ತೊಡೆಗೆ, ಕೂದಲು ಮಲಗಿದ ದಿಕ್ಕಿನಲ್ಲೇ ಚಾಚಾನ ಕೈ ಹೋಯಿತು. ನಾಲ್ಕು ಸಲ ತಿಕ್ಕಿ, ಕುರ್ಚಿಯ ಕಾಲಿಗೆ ಟಕ್ ಟಕ್. ಇನ್ನೇನು ಟಾಂಗಾ ಹೊರಡುತ್ತದೆ ಎಂದು ನನಗೆ ಅನಿಸಿತು.

ಆ ವಾರ ಬೆಳಗ್ಗೆ ಐದೂವರೆಗೆ ಎದ್ದು ಪುಟಾಣಿಯ ಜೊತೆ ಓಡಿದೆ. ಅದು ಓಡಿತು, ನಾನು ಓಡುವವಳಂತೆ ಕಂಡೆ ಎಂದರೆ ಸರಿ. ದಣಿದು ಬಂದ ಮೇಲೆ ಅಂಗಳದಲ್ಲಿ ಖರಾರಾವನ್ನು ಕಟ್ಟೆಗೆ ಟಕ್ ಟಕ್ ಬಡಿದು, ಎರಡು ಕಾಳು ಹುರಿಗಡಲೆ ಅದರ ಬಾಯಿಗೆ ಹಾಕಿ, ಮೈ ತಿಕ್ಕುವುದು. ಕೊನೆಗೆ ಉಗುರುಬೆಚ್ಚಗಿನ ನೀರು, ಕಡಲೆಹಿಟ್ಟು, ಕಿವಿಯೊಳಗೆ ಒದ್ದೆ ಬಟ್ಟೆಯ ತುದಿ. ಮೂರನೆಯ ದಿನಕ್ಕೆ ಟಕ್ ಟಕ್ ಕೇಳಿದೊಡನೆ ಎಲ್ಲಿದ್ದರೂ ಬಂದು ನನ್ನೆದುರು ಅಡ್ಡಲಾಗಿ ನಿಂತು ಬೆನ್ನು ಕೊಡತೊಡಗಿತು. ಹಾರುವುದಿಲ್ಲ, ನೆಕ್ಕುವುದಿಲ್ಲ. ಕಣ್ಣು ಅರ್ಧ ಮುಚ್ಚಿ, ತುಟಿ ಇಳಿಬಿಟ್ಟು, ಹೀರಾ ನಿಂತಂತೆಯೇ ನಿಲ್ಲುತ್ತಿತ್ತು.

ಅವ್ವ ಮೊದಲೆರಡು ದಿನ ಕಿಟಕಿಯಿಂದ ನೋಡಿದಳು. ಆಮೇಲೆ ಹೊಸ್ತಿಲಿಗೆ ಬಂದಳು. ಐದನೆಯ ದಿನ ಕಟ್ಟೆಯ ಆ ತುದಿಗೆ ಬಂದು ಕುಳಿತು, "ಕಿವಿ ಹಿಂದ ಉಳದೈತಿ ನೋಡು," ಎಂದಳು. ನನ್ನ ತಲೆ ಬಾಚುವಾಗಲೂ ಇದನ್ನೇ ಹೇಳುತ್ತಿದ್ದಳು.

ಶನಿವಾರ ಸಂಜೆ ಚಾಚಾನಿಗೆ ಖರಾರಾ ಹಿಂತಿರುಗಿಸಲು ಹೋದೆ. ನಾಳೆ ಒಯ್ಯುತ್ತಾರೆ, ಕೆಲಸ ಮುಗಿಯಿತು ಎಂದೆ. ಅವರು ತೆಗೆದುಕೊಳ್ಳಲಿಲ್ಲ. ಹೀರಾಳ ಮಾತು ತೆಗೆದರು:

"ಟಂಟಂ ಗಾಡಿ ಬಂದು ಟಾಂಗಾ ನಿಂತ್ಮ್ಯಾಲ ಹೀರಾನ್ನ ಕೊಡಬೇಕಾತು. ಯಾರೂ ತಗೋಬಾರ್ದು ಅಂತ ಮನಸಿನ್ಯಾಗ ಇತ್ತು. ಆದ್ರ ಹೊಲಸ ಮೈಯಾಗ ಸಂತಿಗೆ ಒಯ್ಯಾಕ ಕೈ ಬರ್ಲಿಲ್ಲ. ಹಂಗ ತಿಕ್ಕಿದೆ ಬೇಟಾ, ಕನ್ನಡಿ ಹಂಗ. ಹಾನಗಲ್ಲಿನಾಂವ ಒಬ್ಬ ನೋಡಿದ ಕೂಡ್ಲೆ ಕೇಳಿದ ರೊಕ್ಕ ಕೊಟ್ಟು ಹಗ್ಗಾ ಹಿಡದ. ಚೌಕಾಶಿ ಸುದ್ದಾ ಮಾಡ್ಲಿಲ್ಲ."

"ಆಮ್ಯಾಲ ನೋಡೇ ಇಲ್ಲೇನ್ರಿ?"

"ಒಮ್ಮೆ ಹೋಗಿದ್ದೆ. ಇದನ್ನ ಕಿಸೇದಾಗ ಇಟ್ಕೊಂಡ. ದೂರ ನಿಂತು ಕಂಬಕ್ಕ ಎರಡ ಸಲ ಬಡದೆ. ಕಿವಿ ಹೊಳ್ಳಿಸಿದ್ಲು. ಹಗ್ಗಾ ಜಗ್ಗಾಕತ್ಲು. ನಾನು ಮಾರಿ ತೋರಸ್ಲಿಲ್ಲ, ಹಂಗ ಬಸ್ ಹತ್ತಿ ಬಂದೆ."

ಖರಾರಾವನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಊಟ ಮಾಡುವಾಗ ಅವ್ವನಿಗೆ ಆ ಕಥೆ ಹೇಳಿದೆ. ಅವಳು ರೊಟ್ಟಿ ಮುರಿಯುತ್ತಾ ಕೇಳಿದಳು.

ರವಿವಾರ ಬೆಳಗ್ಗೆ ಕೊನೆಯ ಸಲ ಎಂದುಕೊಂಡು ಪುಟಾಣಿಯ ಮೈ ತಿಕ್ಕಿದೆ. ಎದೆಯ ಬಿಳುಪು ಹೊಸ ಹತ್ತಿಯಂತೆ ಕಾಣುತ್ತಿತ್ತು. ಅವ್ವ ಬೆಲ್ಲದ ಚೂರು ತಂದು ದೂರದಿಂದಲೇ ನೆಲದ ಮೇಲಿಟ್ಟಳು. ಹತ್ತು ಗಂಟೆಗೆ ನಿಂಗಪ್ಪ ಬೈಕಿನಲ್ಲಿ ಬಂದ. ಹಿಂದೆ ಗೋಣಿಚೀಲ, ಹಗ್ಗ. ಹಗ್ಗ ಬಿಚ್ಚಿದ್ದನ್ನು ನೋಡಿದ್ದೇ ತಡ, ಪುಟಾಣಿ ಗೋಡೆ ಹಾರಿ ಎಲೆತೋಟದ ಕಡೆ ಓಡಿತು.

ನಿಂಗಪ್ಪ ಒಳ್ಳೆಯ ಮನುಷ್ಯ. ಸಿಟ್ಟಾಗಲಿಲ್ಲ. "ಬರ್ತೈತಿ ಬಿಡ್ರಿ," ಎಂದು ಕಟ್ಟೆಯ ಮೇಲೆ ಕುಳಿತ. ಚಹಾ ಕುಡಿದ. ನಾನು ಹೆಸರು ಹಿಡಿದು ಕರೆದೆ. ಅವನೂ ಕರೆದ. ಶಿಳ್ಳೆ ಹಾಕಿದ. ಏನೂ ಆಗಲಿಲ್ಲ. ಅರ್ಧ ತಾಸಾದ ಮೇಲೆ ಅವನು ಕೇಳಿದ:

"ಅಕ್ಕೋರ, ದಿನಾ ಹೆಂಗ ಕರೀತೀರಿ ಅದನ್ನ?"

ಖರಾರಾ ನನ್ನ ಕೈಯಲ್ಲೇ ಇತ್ತು. ಕಟ್ಟೆಗೆ ಎರಡು ಸಲ ಬಡಿದರೆ ಸಾಕಿತ್ತು, ತೋಟದ ಯಾವ ಮೂಲೆಯಲ್ಲಿದ್ದರೂ ಬರುತ್ತಿತ್ತು. ಬಂದು, ನಂಬಿಕೆಯಿಂದ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಹಗ್ಗ ಹಾಕಲು ಅದಕ್ಕಿಂತ ಸುಲಭದ ಹೊತ್ತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದ ಬಾಯಿ ನನ್ನದು. ಒಂದು ಕಡೆ ಅವ್ವನ ಬಾತ ಮಣಿಕಟ್ಟು, ಇನ್ನೊಂದು ಕಡೆ ಕಂಬದ ಹಿಂದೆ ಮರೆಯಾಗಿ ನಿಂತ ಚಾಚಾ. ಕೈ ಮೇಲೆತ್ತಿದೆನೋ ಇಲ್ಲವೋ ನನಗೆ ನೆನಪಿಲ್ಲ.

ಅವ್ವ ಪಕ್ಕದಲ್ಲೇ ಕುಳಿತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅವಳು ಬಲಗೈ ಚಾಚಿ ನನ್ನ ಕೈಯಿಂದ ಖರಾರಾ ತೆಗೆದುಕೊಂಡಳು. ನಾಯಿಯ ಕೂದಲು ಇನ್ನೂ ಅಂಟಿತ್ತು. ಅದನ್ನು ಮೊರದೊಳಗಿಟ್ಟು ಮೇಲೆ ಶೇಂಗಾ ಎಳೆದು ಮುಚ್ಚಿದಳು.

"ಹೆಸರ ಹಿಡದ ಕರೀತಾಳಪಾ," ಎಂದಳು ನಿಂಗಪ್ಪನಿಗೆ. "ಕರದ್ರ ಬರೂ ಜಾತಿ ಅಲ್ಲ ಅದು."

ಆಮೇಲೆ ಮೊರದ ಈಚೆ ತುದಿಯಿಂದ ಮಾತ್ರ ಎರಡು ಬೊಗಸೆ ಶೇಂಗಾ ತುಂಬಿ ಅವನ ಚೀಲಕ್ಕೆ ಹಾಕಿದಳು. ನಿಂಗಪ್ಪ ಇನ್ನಷ್ಟು ತೆಗೆದುಕೊಳ್ಳಲು ಆಚೆ ತುದಿಗೆ ಕೈ ಹಾಕಿದಾಗ, "ಅವು ಜೊಳ್ಳ ಅದಾವ," ಎಂದು ಮೊರವನ್ನೇ ಮಡಿಲಿಗೆ ಎಳೆದುಕೊಂಡಳು. ಅವ್ವ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೇರೆ ನಾಯಿ ಹುಡುಕಿಕೊಳ್ಳುತ್ತೇನೆ ಬಿಡಿ ಎಂದು ಅವನು ಬೈಕ್ ಹತ್ತಿದ.

ಬೈಕಿನ ಸದ್ದು ಓಣಿಯ ತಿರುವು ದಾಟಿತು. ಆಮೇಲೆ ಅವ್ವ ಶೇಂಗಾದೊಳಗಿಂದ ಖರಾರಾ ಹೊರತೆಗೆದು, ತಾನೇ ಕಟ್ಟೆಗೆ ಬಡಿದಳು. ಟಕ್ ಟಕ್.

ಪುಟಾಣಿ ಗೋಡೆಯ ಮೇಲಿಂದ ಬಂತು. ಮೂಗಿನಿಂದ ಬಾಲದವರೆಗೆ ಕೆಸರು, ಮೈತುಂಬ ಉತ್ತರಾಣಿ, ಒಂದು ವಾರದ ನನ್ನ ದುಡಿಮೆಯ ಗುರುತೂ ಉಳಿದಿರಲಿಲ್ಲ. ನೇರವಾಗಿ ಅವ್ವನ ಕಡೆಗೇ ಓಡಿತು. ನಾನು ನಡುವೆ ಹೋಗಲು ಎದ್ದೆ. ಅವ್ವ ಕಣ್ಣು ಮುಚ್ಚಿಕೊಂಡಳು, ಆದರೆ ಜಾಗ ಬಿಟ್ಟು ಏಳಲಿಲ್ಲ. ಪುಟಾಣಿ ಒಂದು ಮೊಳ ದೂರದಲ್ಲಿ ನಿಂತಿತು. ಅಡ್ಡಲಾಗಿ ತಿರುಗಿ ಅವಳಿಗೆ ಬೆನ್ನು ಕೊಟ್ಟಿತು.

ಅವ್ವ ಕಣ್ಣು ತೆರೆದು ಅದನ್ನು ನೋಡಿದಳು. ಮೈಯ ಕೆಸರು ಒಣಗಲಿ ಎಂದು ಸ್ವಲ್ಪ ಹೊತ್ತು ಕಾದಳು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಆಮೇಲೆ ಕುತ್ತಿಗೆಯಿಂದ ಬೆನ್ನಿಗೆ ಮೆಲ್ಲಗೆ ಒಂದು ಸಲ ತಿಕ್ಕಿದಳು. ನನ್ನ ತಲೆಯನ್ನು ಅಷ್ಟು ಮೆಲ್ಲಗೆ ಅವಳು ಎಂದೂ ಬಾಚಿರಲಿಲ್ಲ.

"ಬಿಸಿನೀರ ಇಡು," ಎಂದಳು. "ನಾ ಮತ್ತ ಮೀಯಬೇಕು. ಮೊದಲ ಇದು ಮೀಯಲಿ."

ಸಂಜೆ ಚಾಚಾನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಮುಚ್ಚಿಟ್ಟವರು ಯಾರು ಎಂದು ಎರಡು ಸಲ ಕೇಳಿದರು. ಅವ್ವ ಎಂದೆ ಎರಡು ಸಲವೂ. ಖರಾರಾ ಅವರ ಮುಂದಿಟ್ಟೆ. ಅವರು ಅದನ್ನೆತ್ತಿ, ಹಲ್ಲುಗಳ ನಡುವೆ ಸಿಕ್ಕ ಹುರಿಗಡಲೆ ಬಣ್ಣದ ಕೂದಲನ್ನು ನೋಡುತ್ತಾ ಕುಳಿತರು.

"ಸಂತಿಗೆ ಹೋಗೂ ದಿನ ನಮ್ಮನ್ಯಾಗೂ ಯಾರರೆ ಇದನ್ನ ಬಚ್ಚಿಟ್ಟಿದ್ರ..." ಎಂದರು.

ಮಸೀದಿಯಲ್ಲಿ ಸಂಜೆಯ ಬಾಂಗು ಕೇಳಿಸಿತು. ಅವರು ಕೈ ತೊಳೆಯಲು ಎದ್ದರು. ಏಳುವ ಮುಂಚೆ ಖರಾರಾವನ್ನು ಕುರ್ಚಿಯ ಕಾಲಿಗೆ ಎರಡು ಸಲ ಬಡಿದು, ಒಂದು ಗಳಿಗೆ ಬಾಗಿಲ ಕಡೆ ನೋಡಿ, ನನ್ನ ಕೈಗೆ ಕೊಟ್ಟರು.

"ನಿಮ್ಮ ಅವ್ವಾರ ಹಂತ್ಯಾಕ ಇರ್ಲಿ ಬೇಟಾ," ಎಂದರು.